ಯಾಮೆ ಎಂದರೆ ನಿಲ್ಲು

ನಾಹಾ, 18 ಫೆಬ್ರವರಿ 1940

ತಮ್ಮ ಜೆನ್‌ಶುಗೆ,

ನಿನ್ನನ್ನು ಒಸಾಕಾದಲ್ಲಿ ಕರಾಟೆ ಮೇಷ್ಟ್ರನ್ನಾಗಿ ಮಾಡುವ ಈ ವ್ಯವಹಾರಕ್ಕೆ ಇದುವರೆಗೆ ಏನೇನು ಹೋಯಿತು ಎಂದು ಇವತ್ತು ಕೂತು ಕೂಡಿದೆ. ಹಡಗಿನ ಚೀಟಿಗೆ ನನ್ನ ತುರುಬಿನ ಬೆಳ್ಳಿ ಕಡ್ಡಿ. ದಾರಿಯ ಬುತ್ತಿಗೆ ಒಂದು ಹಂದಿ. ಪರೀಕ್ಷೆಯ ಬಿಳಿ ಅಂಗಿಗೆ ಅಮ್ಮ ನೇಯ್ದಿಟ್ಟ ಬಾಳೆನಾರಿನ ಬಟ್ಟೆ. ನಿನ್ನ ಭಾವನ ಕರಾಟೆ ಅಂಗಳದಿಂದ, ಅವರಿಗಿದ್ದ ಒಬ್ಬನೇ ಒಬ್ಬ ಗಟ್ಟಿ ಶಿಷ್ಯ. ನಿನ್ನೆಯಿಂದ ಒಂದು ಹಂಡೆ ಸೋಯಾ ಹಾಲನ್ನೂ ಸೇರಿಸಿಕೋ. ನಿನ್ನ ತಂತಿಯನ್ನು ಓದುತ್ತ ನಿಂತಿದ್ದೆ, ತಳ ಹತ್ತಿತು. ಆ ತೋಫುವನ್ನು ಮಾರುಕಟ್ಟೆಯಲ್ಲಿ "ಒಸಾಕಾದ ಹೊಸ ರೀತಿ, ಹೊಗೆ ಹಾಕಿದ್ದು" ಎಂದು ಹೇಳಿ ಮಾರಿದೆ. ಮಧ್ಯಾಹ್ನಕ್ಕೆ ಮುಂಚೆ ಖಾಲಿ.

ತಂತಿಯಲ್ಲಿ ನೀನು ಬರೆದದ್ದು ಇಷ್ಟು: "ಎದುರಾಳಿಗೆ ಪೆಟ್ಟು. ನಾನು ಠಾಣೆಯಲ್ಲಿ. ಭಾವನಿಗೆ ತಿಳಿಸು." ಪರೀಕ್ಷೆಗೆ ಹೋದವನು ಠಾಣೆಗೆ ಹೇಗೆ ಹೋದೆ? ಪೆಟ್ಟು ಎಂದರೆ ಎಂಥ ಪೆಟ್ಟು? ಮೂಗೋ, ಹಲ್ಲೋ, ಮಾನವೋ? ಮೊದಲ ಎರಡಾದರೆ ಡಾಕ್ಟರು ನೋಡಿಕೊಳ್ಳುತ್ತಾನೆ.

ನಿನ್ನ ಭಾವನಿಗೆ ಆ ಊರಿನ ಅಕ್ಷರ ಓದಲು ಬರುವುದಿಲ್ಲ ಎಂದು ನಿನಗೆ ಗೊತ್ತೇ ಇದೆ. ನಾನೇ ಓದಿ ಹೇಳಿದ್ದೇನೆ. ಎಲ್ಲವನ್ನೂ ಬಿಡಿಸಿ ಬರೆ.

ನಿನ್ನ ಅಕ್ಕ,
ನಾಬೆ


ಒಸಾಕಾ, 1 ಮಾರ್ಚ್ 1940

ಅಕ್ಕ,

ಈ ಕಾಗದವನ್ನು ವಕೀಲರು ಅಂಚೆಗೆ ಹಾಕುತ್ತಾರೆ. ಬಿಡಿಸಿ ಬರೆಯುತ್ತೇನೆ, ನೀನು ಹಾಗೆಯೇ ಭಾವನಿಗೆ ಓದಿ ಹೇಳು.

ಪರೀಕ್ಷೆಯ ಮೊದಲ ಭಾಗ ಹೆಸರುಗಳದ್ದು. ಹಿರಿಯರು ಮೇಜಿನ ಹಿಂದೆ ಕೂತು ಒಂದೊಂದೇ ಹೆಸರು ಕೂಗುತ್ತಾರೆ. ಮಾಯೆಗೇರಿ ಎಂದರೆ ಮುಂದಕ್ಕೆ ಒದೆಯಬೇಕು, ಗೆದಾನ್‌ಬರಾಯಿ ಎಂದರೆ ಕೆಳಗಿನಿಂದ ಬರುವ ಪೆಟ್ಟನ್ನು ತೋಳಿನಿಂದ ಗುಡಿಸಿ ತಳ್ಳಬೇಕು. ಭಾವನ ಅಂಗಳದಲ್ಲಿ ನಾವು ಹೆಸರಿಲ್ಲದೆ ಕಲಿತದ್ದಕ್ಕೆಲ್ಲ ಇಲ್ಲಿ ಹೆಸರುಂಟು. ಮರದ ಡಿಪೋದಲ್ಲಿ ದಿಮ್ಮಿ ಹೊರುತ್ತಲೇ ಎಲ್ಲವನ್ನೂ ಉರು ಹೊಡೆದಿದ್ದೆ. ಒಂದೂ ತಪ್ಪಲಿಲ್ಲ. ಒಬ್ಬ ಹಿರಿಯರು ಪಕ್ಕದವರಿಗೆ, "ದ್ವೀಪದವನಾದ್ರೂ ನಾಲಿಗೆ ಶುದ್ಧವಾಗಿದೆ" ಎಂದದ್ದು ನನಗೆ ಕೇಳಿಸಿತು. ಎರಡು ವರ್ಷದಲ್ಲಿ ಈ ಊರಿನಲ್ಲಿ ನನ್ನ ಬಗ್ಗೆ ಕೇಳಿದ ಮೊದಲ ಒಳ್ಳೆಯ ಮಾತು ಅದು.

ಆಮೇಲೆ ಜೋಡಿ ಕಟ್ಟಿದರು. ನನ್ನೆದುರು ನಿಶಿಉರಾ ಎಂಬವನು, ಈ ಊರಿನವನೇ. ಹಾಜಿಮೆ ಎಂದರು, ಶುರು ಮಾಡಿದೆವು. ಅಕ್ಕ, ನಮ್ಮ ಅಂಗಳದಲ್ಲಿ ಶುರು ಎಂದೂ ನಿಲ್ಲು ಎಂದೂ ಯಾರೂ ಹೇಳುವುದಿಲ್ಲ. ಮಣಿಕಟ್ಟಿಗೆ ಮಣಿಕಟ್ಟು ತಾಗಿಸಿ ನಿಂತರೆ ಭಾವನ ಅಂಗೈ ನಮ್ಮ ಕತ್ತಿನ ಹಿಂದೆ ಬೀಳುವ ತನಕ ಕೈ ಇಳಿಸುವ ಮಾತೇ ಇಲ್ಲ. ನೀನು ಊಟಕ್ಕೆ ಕೂಗಿ ಕೂಗಿ, "ಕಿವಿಗೆ ತೋಫು ತುಂಬ್ಕೊಂಡಿದ್ದೀರಾ" ಎಂದು ಬೈಯುತ್ತಿದ್ದದ್ದು ನೆನಪಿದೆಯೇ? ನಮಗೆ ನಿಜವಾಗಿಯೂ ಕೇಳಿಸುತ್ತಿರಲಿಲ್ಲ.

ಇಲ್ಲಿ ಯಾಮೆ ಎಂದು ಕೂಗಿದರು. ನಿಲ್ಲು ಎಂದು. ನಿಶಿಉರಾ ಕೈ ಇಳಿಸಿದ. ಇವರಿಗೆ ಆ ಶಬ್ದವೇ ಗುರಾಣಿ. ನನ್ನ ಕತ್ತಿನ ಮೇಲೆ ಯಾರ ಕೈಯೂ ಬೀಳಲಿಲ್ಲ. ನನ್ನ ಮುಷ್ಟಿ ಅವನ ದವಡೆಗೆ ಹೋಯಿತು, ಅದರ ಹಿಂದೆಯೇ ಇನ್ನೊಂದು ಹೋಯಿತು. ಅವನು ಹಿಂದಕ್ಕೆ ಬಿದ್ದ, ತಲೆ ಹಲಗೆಗೆ ಬಡಿಯಿತು. ಇನ್ನೂ ಎಚ್ಚರವಾಗಿಲ್ಲ.

ಕೇಳಿಯೂ ಬೇಕೆಂದೇ ಹೊಡೆದ ಎಂದು ಪೊಲೀಸರು ಬರೆದಿದ್ದಾರೆ. ಆ ಮಾತೇ ಉಳಿದುಬಿಟ್ಟರೆ ವರ್ಷಗಟ್ಟಲೆ ಜೈಲು. ವಕೀಲರು ಕೇಳುವುದು ಒಂದೇ: ಭಾವ ನಾಹಾದ ಠಾಣೆಗೆ ಹೋಗಿ, ತಮ್ಮ ಅಂಗಳದಲ್ಲಿ ಮಾತಿಗೆ ಯಾರೂ ನಿಲ್ಲುವುದಿಲ್ಲ, ಅಂಗೈಗೆ ಮಾತ್ರ ನಿಲ್ಲುತ್ತಾರೆ ಎಂದು ಹೇಳಿಕೆ ಕೊಟ್ಟು ಹೆಬ್ಬೆಟ್ಟು ಒತ್ತಬೇಕು. ಆಗ ಇದು ಬೇಕೆಂದು ಮಾಡಿದ್ದಲ್ಲ, ಆಕಸ್ಮಿಕ ಎಂದು ವಾದಿಸಬಹುದಂತೆ.

ಬೇಗ, ಅಕ್ಕ.

ಜೆನ್‌ಶು


ನಾಹಾ, 14 ಮಾರ್ಚ್ 1940

ತಮ್ಮ ಜೆನ್‌ಶುಗೆ,

ಕಾಗದ ಬಂತು, ಓದಿ ಹೇಳಿದೆ. ಭಾವನಿಗೆ ಮಂಡಿ ನೋವು, ಮನೆಯಿಂದಾಚೆ ಕಾಲಿಡುತ್ತಿಲ್ಲ. ಚಳಿ ಇಳಿಯಲಿ, ಠಾಣೆ ಎಲ್ಲಿಗೂ ಓಡಿಹೋಗುವುದಿಲ್ಲ. ಆ ನಿಶಿಉರಾನ ತಾಯಿಗೆ ಯಾರ ಕೈಯಲ್ಲಾದರೂ ಹಣ್ಣು ಕಳಿಸು. ಬೈದರೂ ಇಟ್ಟುಕೊಳ್ಳುತ್ತಾಳೆ.

ಇಲ್ಲಿಯ ಸುದ್ದಿ. ಭಾವ ಕರಾಟೆ ಕಲಿಸುವ ಶಾಲೆಗೆ ಹೊಸ ಹೆಡ್‌ಮೇಷ್ಟ್ರು ಬಂದಿದ್ದಾನೆ. ತರಗತಿಯಲ್ಲಿ ನಮ್ಮ ದ್ವೀಪದ ಮಾತಾಡಿದ ಮಕ್ಕಳ ಕತ್ತಿಗೆ ಶಿಕ್ಷೆಗೆಂದು ಮರದ ಬಿಲ್ಲೆ ಕಟ್ಟುತ್ತಿದ್ದರಲ್ಲ, ಅದು ಈಗ ಮೇಷ್ಟ್ರುಗಳ ಕತ್ತಿನ ಹತ್ತಿರ ಬಂದಿದೆ. ಭಾವನನ್ನು ಕರೆದು ಹೇಳಿದನಂತೆ: ತಿಂಗಳ ಕೊನೆಗೆ ಇನ್‌ಸ್ಪೆಕ್ಟರು ಬರುತ್ತಾರೆ. ಕರಾಟೆಯ ಸಾಲು ನಿಲ್ಲುವುದರಿಂದ ಹಿಡಿದು ಮುಗಿಸುವ ತನಕ ಎಲ್ಲವೂ ಟೋಕಿಯೋ ಮಾತಿನಲ್ಲಿ ನಡೆಯಬೇಕು. ಇಲ್ಲವಾದರೆ ಅವರ ಜಾಗಕ್ಕೆ ಸಹಾಯಕ ಮೇಷ್ಟ್ರು ಇರಾಮಿನ ಇದ್ದಾನೆ. ಇರಾಮಿನ ಟೋಕಿಯೋದಲ್ಲಿ ಓದಿ ಬಂದವನು, ಗಂಟಲು ದೊಡ್ಡದು, ಮುಷ್ಟಿ ನನ್ನ ತೋಫುವಿಗಿಂತ ಮೆತ್ತಗೆ. ನಾವಿರುವ ಮನೆ ಶಾಲೆಯದು, ಅಂಗಳವೂ ಶಾಲೆಯದು. ಕೆಲಸ ಹೋದರೆ ಮೂರೂ ಒಟ್ಟಿಗೆ ಹೋಗುತ್ತವೆ.

ಆದ್ದರಿಂದ ನಿನ್ನ ಗುರುಗಳಿಗೆ ಈಗ ನಾನು ಗುರು. ಅವರು ಬೀಸುಕಲ್ಲು ತಿರುಗಿಸುತ್ತಾರೆ, ನಾನು ಸೋಯಾ ಸುರಿಯುತ್ತ ಹೆಸರು ಹೇಳಿಕೊಡುತ್ತೇನೆ. ಮಾರುಕಟ್ಟೆಯಲ್ಲಿ ಆ ಊರಿನ ಗಿರಾಕಿಗಳ ಜೊತೆ ಚೌಕಾಸಿ ಮಾಡಿ ಮಾಡಿ ನನ್ನ ನಾಲಿಗೆ ಆ ಕಡೆಗೆ ಹೊರಳುತ್ತದೆ. ಅವರದು ಹೊರಳುವುದಿಲ್ಲ.

ನಿನ್ನೆ ಕಲ್ಲು ನಿಲ್ಲಿಸಿ, "ಏಳೋಕೊಂದು ಹೆಸರು, ಕೂರೋಕೊಂದು ಹೆಸರು. ಹಂದಿಗೆ ಹೆಸರಿಟ್ರೆ ಆಮೇಲೆ ಕೊಯ್ಯೋಕೆ ಕೈ ಬರಲ್ಲ ಕಣೇ" ಎಂದರು.

"ನೀವು ಕೊಯ್ಯೋದು ಬೇಡ, ಕೂಗಿದ್ರೆ ಸಾಕು" ಎಂದೆ.

"ಒದೆಯೋವಾಗ ಕಾಲಿಗೆ ಗೊತ್ತಿರುತ್ತೆ, ಅದು ಒದೆ ಅಂತ."

"ಕಾಲಿಗೆ ಗೊತ್ತು. ಇನ್‌ಸ್ಪೆಕ್ಟರಿಗೆ ಗೊತ್ತಾಗ್ಬೇಕಲ್ಲ."

ಮತ್ತೆ ಕಲ್ಲು ತಿರುಗಿಸಿದರು. ಯಾಮೆ ಒಂದು ಚೆನ್ನಾಗಿ ಬರುತ್ತದೆ.

ಧೈರ್ಯವಾಗಿರು.

ಅಕ್ಕ


ಒಸಾಕಾ, 27 ಮಾರ್ಚ್ 1940

ಅಕ್ಕ,

ಮಂಡಿ ನೋವಿರುವವರು ಬೀಸುಕಲ್ಲು ತಿರುಗಿಸುತ್ತಾರೆಯೇ? ನನಗೆ ಅರ್ಥವಾಯಿತು. ಭಾವನಿಗೆ ನನ್ನ ಮೇಲೆ ಕೋಪ. ಕೈ ಇಳಿಸಿದವನನ್ನು ಹೊಡೆದವನು ತಮ್ಮ ಶಿಷ್ಯ ಎಂದು ಹೇಳಿಕೊಳ್ಳಲು ಅವರಿಗೆ ಇಷ್ಟವಿಲ್ಲ. ಸರಿಯೇ. ಆದರೆ ಅವರು ನನ್ನನ್ನು ಕ್ಷಮಿಸಬೇಕೆಂದು ನಾನು ಕೇಳುತ್ತಿಲ್ಲ. ತಮ್ಮ ಅಂಗಳದಲ್ಲಿ ಪಾಠ ಹೇಗೆ ನಡೆಯುತ್ತದೆ ಎಂದು ಹೇಳಿದರೆ ಸಾಕು.

ನಿಶಿಉರಾಗೆ ಎಚ್ಚರವಾಗಿದೆ. ಬಲಗೈ, ಬಲಗಾಲು ಅಲ್ಲಾಡುತ್ತಿಲ್ಲ. ಅವನ ತಾಯಿ ಇಲ್ಲಿಗೆ ಬಂದಿದ್ದರು. ಹಣ್ಣಿನ ಬುಟ್ಟಿಯನ್ನು ವಾಪಸು ತಂದು ನನ್ನೆದುರು ಇಟ್ಟರು. ಬೈಯಲಿಲ್ಲ. ನನ್ನ ಕೈಗಳನ್ನೇ ನೋಡುತ್ತಿದ್ದರು. ಮೇಜಿನ ಕೆಳಗೆ ಎಳೆದುಕೊಂಡೆ.

ವಿಚಾರಣೆ ದಿನವೂ ಒಂದೇ. ಅಧಿಕಾರಿ, "ನೀನು ನನಗಿಂತ ಚೆನ್ನಾಗಿ ಮಾತಾಡ್ತೀಯ. ಪರೀಕ್ಷೇಲಿ ಒಂದು ಹೆಸರೂ ತಪ್ಪಲಿಲ್ಲ. ಯಾಮೆ ಅಂದ್ರೆ ಗೊತ್ತಿಲ್ವಾ?" ಎನ್ನುತ್ತಾನೆ.

"ಗೊತ್ತು."

"ಗೊತ್ತಿದ್ದೂ ಹೊಡೆದೆ."

"ಕಿವಿಗೆ ಗೊತ್ತಿತ್ತು. ಕೈಗೆ ಗೊತ್ತಿರಲಿಲ್ಲ."

ಅವನು ನಕ್ಕು ಪಕ್ಕದವನಿಗೆ, "ರ್‍ಯುಕ್ಯು ದ್ವೀಪದ ಜನರ ಕಿವಿ ಬೇರೆ, ಕೈ ಬೇರೆಯಂತೆ, ಬರ್ಕೋ" ಎಂದ. ಪಕ್ಕದವನು ನಿಜವಾಗಿಯೂ ಬರೆದುಕೊಂಡ.

ನಾನು ಉರು ಹೊಡೆದ ಹೆಸರುಗಳೇ ಈಗ ನನ್ನ ಕುತ್ತಿಗೆಗೆ ಬಂದಿವೆ. ಎಲ್ಲ ಗೊತ್ತಿದ್ದವನಿಗೆ ಇದೊಂದು ಗೊತ್ತಿರಲಿಲ್ಲ ಎಂದರೆ ಯಾರು ನಂಬುತ್ತಾರೆ? ಬೇಕೆಂದೇ ಹೊಡೆದೆ ಎಂದು ಒಪ್ಪಿ ಸಹಿ ಹಾಕಿದರೆ ಶಿಕ್ಷೆ ತುಸು ಇಳಿಯುತ್ತದೆ ಎಂದು ಅಧಿಕಾರಿ ಆಸೆ ತೋರಿಸುತ್ತಿದ್ದಾನೆ. ಗುರುಗಳ ಹೇಳಿಕೆ ಬರುವ ತನಕ ಸಹಿ ಹಾಕಲೇಬೇಡ ಎಂದು ವಕೀಲರು ಹೇಳುತ್ತಾರೆ. ಕಾಯುತ್ತಿದ್ದೇನೆ. ಭಾವನ ಕಾಲು ಹಿಡಿದು ಕೇಳಿದೆ ಎಂದು ಹೇಳು.

ಜೆನ್‌ಶು


ನಾಹಾ, 9 ಏಪ್ರಿಲ್ 1940

ತಮ್ಮ,

ಇನ್‌ಸ್ಪೆಕ್ಟರು ಬಂದುಹೋದರು. ಭಾವ ಸಾಲಿನ ಮುಂದೆ ನಿಂತು ರೇ ಎಂದರು, ಮಕ್ಕಳೆಲ್ಲ ತಲೆ ಬಾಗಿಸಿದರು. ಹಾಜಿಮೆ ಎಂದರು, ಶುರು ಮಾಡಿದರು. ಯಾಮೆ ಎಂದರು, ಒಂದು ಕೈ ಅಲ್ಲಾಡಲಿಲ್ಲ. ನಾನು ಬೇಲಿಯ ಹೊರಗೆ ತೋಫುವಿನ ಹಲಗೆ ತಲೆಯ ಮೇಲಿಟ್ಟುಕೊಂಡು ನಿಂತಿದ್ದೆ. ಎಷ್ಟು ಕಾಲದಿಂದ ಈ ಕ್ರಮದಲ್ಲಿ ಕಲಿಸುತ್ತಿದ್ದೀರಿ ಎಂದು ಇನ್‌ಸ್ಪೆಕ್ಟರು ಕೇಳಿದರು. ಆ ಪ್ರಶ್ನೆ ಬಂದೇ ಬರುತ್ತದೆ ಎಂದು ನಾನು ಉತ್ತರ ಕಲಿಸಿಟ್ಟಿದ್ದೆ. ಭಾವ ಬೇಲಿಯ ಕಡೆ ಒಮ್ಮೆ ನೋಡಿ, "ಮೊದಲಿನಿಂದಲೂ" ಎಂದರು. ಮಾರನೆಯ ದಿನ ಪತ್ರಿಕೆಯಲ್ಲಿ ಭಾವನ ಹೆಸರು ಪಟದ ಸಮೇತ ಬಂತು: ಕೊಚಿಂದ ಗುರುಗಳ ಅಂಗಳದಲ್ಲಿ ಮೊದಲಿನಿಂದಲೂ ರಾಷ್ಟ್ರಭಾಷೆಯದೇ ಕೂಗು. ಕೆಲಸ ಉಳಿಯಿತು.

ಈಗ ಹೇಳು. ಊರಿಗೆ ಊರೇ ಓದಿದ ಮೇಲೆ ಅದೇ ಮನುಷ್ಯ ಠಾಣೆಗೆ ಹೋಗಿ ನಮ್ಮಲ್ಲಿ ಯಾಮೆ ಎಂಬ ಮಾತಿಗೆ ಯಾರೂ ನಿಲ್ಲುವುದಿಲ್ಲ ಎಂದರೆ ಏನಾಗುತ್ತದೆ? ನಿನಗೆ ಎಷ್ಟು ಉಳಿಯುತ್ತದೋ ಗೊತ್ತಿಲ್ಲ, ಇಲ್ಲಿ ಎಲ್ಲವೂ ಹೋಗುತ್ತದೆ. ಭಾವ ಹೋಗುವುದಿಲ್ಲ, ಹೇಳುವುದಿಲ್ಲ. ಇನ್ನು ಕೇಳಬೇಡ. ನೀನು ಚಿಕ್ಕ ವಯಸ್ಸಿನವನು, ಜೈಲಿನ ಒಂದೆರಡು ವರ್ಷ ಕಳೆದರೂ ಮುಂದೆ ಕಾಲವಿದೆ. ಅವರಿಗೆ ಅರವತ್ತು ದಾಟಿದೆ. ಅಧಿಕಾರಿ ಹೇಳಿದಂತೆ ತಗ್ಗಿ ಬಗ್ಗಿ ಒಪ್ಪಿಕೊಂಡು ಬೇಗ ಹೊರಗೆ ಬಾ. ಬಂದ ದಿನ ಹಂದಿಯ ಕಾಲು ಬೇಯಿಸುತ್ತೇನೆ.

ಅಕ್ಕ


ಒಸಾಕಾ, 20 ಏಪ್ರಿಲ್ 1940

ಪೂಜ್ಯ ಗುರುಗಳಾದ ಕೊಚಿಂದ ಅವರಿಗೆ,

ಈ ಕಾಗದ ನಿಮ್ಮ ಹೆಸರಿಗೇ. ಅಕ್ಕನ ಮೂಲಕ ನಿಮ್ಮ ಉತ್ತರ ಸಿಕ್ಕಿತು. ಮಾರ್ಚಿನಿಂದ ಅದಕ್ಕಾಗಿಯೇ ಕಾದಿದ್ದೆ, ಈಗ ಕಾಯುವುದು ಮುಗಿಯಿತು.

ನನ್ನ ಪರವಾಗಿ ಠಾಣೆಯಲ್ಲಿ ಹೇಳಿಕೆ ಕೊಡಿ ಎಂದು ಮತ್ತೆ ಮತ್ತೆ ಕೇಳಿ ನಿಮಗೆ ತೊಂದರೆ ಕೊಟ್ಟೆ. ನಿಮ್ಮ ಮನೆ ಎಷ್ಟು ಇಕ್ಕಟ್ಟಿನಲ್ಲಿದೆ ಎಂದು ನನಗೆ ಗೊತ್ತಿರಲಿಲ್ಲ. ನಾಳೆ ಸಹಿ ಹಾಕುತ್ತೇನೆ. ಮಾತು ಕೇಳಿಯೂ ಬೇಕೆಂದೇ ಹೊಡೆದೆ ಎಂದು ಬರೆದಿದ್ದಾರೆ. ಹಾಗಲ್ಲ ಎಂದು ನಿಮಗೊಬ್ಬರಿಗೆ ಗೊತ್ತು ಎಂದುಕೊಂಡಿದ್ದೆ. ಈಗ ಅದೂ ಖಚಿತವಿಲ್ಲ. ರಾತ್ರಿ ಮಲಗಿದಾಗ ನನಗೇ ಅನುಮಾನ ಬರುತ್ತದೆ. ಎರಡನೆಯ ಮುಷ್ಟಿಯನ್ನಾದರೂ ನಿಲ್ಲಿಸಬಹುದಿತ್ತೇ? ನನ್ನ ಕತ್ತು ನಿಮ್ಮ ಕೈಗಾಗಿ ಕಾಯುತ್ತಿತ್ತು ಎಂಬುದಷ್ಟೇ ನೆನಪಿದೆ.

ಒಂದೇ ಬೇಡಿಕೆ. ಗೋಡೆಯ ಮೇಲೆ ಶಿಷ್ಯರ ಹೆಸರಿನ ಸಾಲಿನಲ್ಲಿ ನನ್ನ ಹಲಗೆ ಇದೆ. ಅದನ್ನು ತೆಗೆಯುವಾಗ ನೀವೇ ತೆಗೆಯಿರಿ. ಬೇರೆಯವರಿಂದ ತೆಗೆಸಬೇಡಿ.

ಜೆನ್‌ಶು


ನಾಹಾ, 3 ಮೇ 1940

ತಮ್ಮ,

ತಂತಿ ಸಿಕ್ಕಿರಬೇಕು. ಸಿಕ್ಕಿರದಿದ್ದರೆ ಇಲ್ಲಿ ಮತ್ತೆ ಬರೆಯುತ್ತೇನೆ: ಸಹಿ ಹಾಕಬೇಡ. ಹಾಕಿದ್ದರೆ ಹಿಂದಕ್ಕೆ ತೆಗೆದುಕೋ. ಭಾವ ಹೇಳಿಕೆ ಕೊಟ್ಟಿದ್ದಾರೆ.

ನಿನ್ನ ಕಾಗದ ಬಂದಾಗ ನಾನು ಮಾರುಕಟ್ಟೆಯಲ್ಲಿದ್ದೆ. ಲಕೋಟೆಯ ಮೇಲೆ ತಮ್ಮ ಹೆಸರಿದೆ ಎಂದು ಭಾವ ಅದನ್ನು ಇರಾಮಿನನ ಕೈಗೆ ಕೊಟ್ಟರು. ಅವನು ಅಂಗಳದ ನಡುವೆ ನಿಂತು, ಆ ದೊಡ್ಡ ಗಂಟಲಿನಲ್ಲಿ, ಒಂದಕ್ಷರ ಬಿಡದೆ ಓದಿದ. ನಾನು ಖಾಲಿ ಹಲಗೆ ಹೊತ್ತು ಬಂದಾಗ ಇಬ್ಬರೂ ಜಗಲಿಯ ಮೇಲೆ ಕೂತಿದ್ದರು.

"ನಾಬೆ, ಅವನು ನನ್ನ ಎಷ್ಟು ಸಲ ಕರೆದ?" ಎಂದರು.

"ಮೂರು ಸಲ" ಎಂದೆ.

"ನೀನು ಎಷ್ಟು ಸಲ ಓದಿ ಹೇಳಿದೆ?"

ಹಲಗೆಯನ್ನು ತಲೆಯಿಂದ ಇಳಿಸಿದೆ.

ನೀನು ಠಾಣೆಯಲ್ಲಿದ್ದೀಯ ಎಂದೇ ಅವರಿಗೆ ಗೊತ್ತಿರಲಿಲ್ಲ. ತಂತಿ ಬಂದ ದಿನ, ಪರೀಕ್ಷೆ ಮುಂದಕ್ಕೆ ಹೋಯಿತಂತೆ ಎಂದು ಹೇಳಿದ್ದೆ. ಆಮೇಲೆ ನಾನು ಓದಿ ಹೇಳಿದ ಕಾಗದಗಳಲ್ಲಿ ನೀನು ದಿಮ್ಮಿ ಹೊರುತ್ತಿದ್ದೆ, ಕೆಮ್ಮು ವಾಸಿಯಾಗುತ್ತಿತ್ತು, ಮೀನು ಅಗ್ಗವಾಗಿತ್ತು. ನಿಜ ಓದಿದ್ದರೆ ಆ ದಿನವೇ ಠಾಣೆಗೆ ಹೋಗುತ್ತಿದ್ದರು, ನನಗೆ ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ಓದಲಿಲ್ಲ. ಹೇಳುವುದಿಲ್ಲ ಎಂದದ್ದು ಭಾವ ಅಲ್ಲ, ನಾನು. ನಿನಗೆ ಹೇಗೂ ಶಿಕ್ಷೆಯಾಗುತ್ತದೆ, ಮನೆಯನ್ನಾದರೂ ಉಳಿಸಿಕೊಳ್ಳೋಣ ಎಂದು ಹಾಕಿದ ಲೆಕ್ಕ. ಆವತ್ತು ಅದು ಸರಿಯಾದ ಲೆಕ್ಕವಾಗಿತ್ತು ಎಂದು ಇವತ್ತೂ ಅರ್ಧ ಮನಸ್ಸು ಹೇಳುತ್ತದೆ. ನಿನಗೆ ಕೋಪ ಬರಲಿ, ಸುಳ್ಳು ಬರೆಯುವುದಿಲ್ಲ.

ಭಾವ ಕಾಲು ತೊಳೆದು ಒಗೆದ ಬಟ್ಟೆ ಉಟ್ಟು ಠಾಣೆಗೆ ಹೊರಟರು. ನಾನು ಹಿಂದೆಯೇ ಹೋದೆ. ಅವರು ಹಿಂತಿರುಗಿ ನೋಡಲಿಲ್ಲ. ನಮ್ಮ ಮಾತಿನಲ್ಲಿ ಹೇಳಿದ್ದನ್ನು ಠಾಣೆಯವರು ಬರೆದುಕೊಳ್ಳುವುದಿಲ್ಲ, ಇರಾಮಿನನೇ ಟೋಕಿಯೋ ಮಾತಿಗೆ ತಿರುಗಿಸಿದ. ಇವನು ತಿರುಚುತ್ತಾನೆ ಎಂದು ಕಿವಿ ನಿಮಿರಿಸಿಕೊಂಡು ನಿಂತಿದ್ದೆ. ತಿರುಚಲಿಲ್ಲ. ಬದಲಿಗೆ, ಇನ್‌ಸ್ಪೆಕ್ಟರ ಎದುರು ಕೂಗಿದ ಮಾತುಗಳೆಲ್ಲ ಆ ತಿಂಗಳು ಕಲಿತದ್ದು ಎಂಬುದನ್ನು ಹೇಳಲೇಬೇಕೇ ಎಂದು ಭಾವನನ್ನು ಎರಡು ಸಲ ಮೆಲ್ಲಗೆ ಕೇಳಿದ.

ಭಾವ, "ಹೇಳು. ನನ್ನ ಅಂಗಳದಲ್ಲಿ ಯಾರನ್ನೂ ಬಾಯಿಂದ ನಿಲ್ಲಿಸಿಲ್ಲ. ಅವನು ನಿಲ್ಲಲಿಲ್ಲ ಅಂದ್ರೆ ನಾನು ಅಲ್ಲಿರಲಿಲ್ಲ, ಅಷ್ಟೇ" ಎಂದರು.

ಹೆಬ್ಬೆಟ್ಟು ಒತ್ತಿದರು. ಅಲ್ಲಿಂದ ನೇರವಾಗಿ ಹೆಡ್‌ಮೇಷ್ಟ್ರ ಮನೆಗೆ ಹೋಗಿ ಅದನ್ನೇ ತಾವಾಗಿ ಹೇಳಿದರು. ತಿಂಗಳೊಳಗೆ ಮನೆ ಬಿಡಬೇಕು.

ಹೇಳಿಕೆ ಹಡಗಿನಲ್ಲಿದೆ. ವಕೀಲರಿಗೆ ಹೇಳು. ನಿನ್ನ ಹಲಗೆಯನ್ನು ಅವರು ತೆಗೆದಿಲ್ಲ.

ನಾಬೆ


ಒಸಾಕಾ, 16 ಜೂನ್ 1940

ಅಕ್ಕ,

ನಾನು ಸಹಿ ಹಾಕಿ ಹತ್ತು ದಿನವಾದ ಮೇಲೆ ತಂತಿ ಬಂತು. ಹೇಳಿಕೆ ಅದಕ್ಕೂ ತಡವಾಗಿ.

ವಕೀಲರು ನ್ಯಾಯಾಲಯದಲ್ಲಿ ಹೇಳಿಕೆಯನ್ನು ಓದಿದರು. ಸರ್ಕಾರದ ವಕೀಲ ಎದ್ದು ಪತ್ರಿಕೆಯ ತುಂಡು ಓದಿದ. ಮಾರ್ಚಿನಲ್ಲಿ ಮೊದಲಿನಿಂದಲೂ ಎಂದ ಗುರು, ಮೇ ತಿಂಗಳಲ್ಲಿ ಇಲ್ಲವೇ ಇಲ್ಲ ಎನ್ನುತ್ತಾನೆ. ಆರೋಪಿ ಈತನ ಹೆಂಡತಿಯ ತಮ್ಮ. ಆರೋಪಿಯೇ ಒಪ್ಪಿ ಸಹಿ ಹಾಕಿಯೂ ಇದ್ದಾನೆ ಎಂದ. ಈ ಇಬ್ಬರಲ್ಲಿ ನಿಜವಾದ ಕೊಚಿಂದ ಯಾರು ಎಂದು ನ್ಯಾಯಾಧೀಶರು ಕೇಳಿದರು. ಜನ ನಕ್ಕರು. ನಿಶಿಉರಾನ ತಾಯಿ ಮಾತ್ರ ನಗಲಿಲ್ಲ. ಮೂರು ವರ್ಷ.

ಏಪ್ರಿಲ್‌ನಲ್ಲಿ ನಾನು ಸಹಿ ಹಾಕಿದ್ದು ಶಿಕ್ಷೆ ಇಳಿಯುತ್ತದೆ ಎಂದಲ್ಲ. ಭಾವ ನನ್ನನ್ನು ಕೈಬಿಟ್ಟರು ಎಂದು ನೀನು ಬರೆದದ್ದಕ್ಕೆ. ಆ ದಿನಗಳಲ್ಲಿ ನಾನು ಏನೇನು ಯೋಚಿಸಿದೆ ಎಂದು ನಿನಗೆ ಬರೆಯುವುದಿಲ್ಲ.

ಅವರಿಗೆ ನಮಸ್ಕಾರ ತಿಳಿಸು. ಬೇಡ, ನೀನು ತಿಳಿಸಬೇಡ. ಇನ್ನು ಮುಂದೆ ನನ್ನ ಕಾಗದಗಳು ಇರಾಮಿನ ಅವರ ವಿಳಾಸಕ್ಕೆ ಬರುತ್ತವೆ. ಅಲ್ಲಿಂದಲೂ ಅವರೇ ಬರೆಯಲಿ.

ಜೆನ್‌ಶು


ನಾಹಾ, 2 ಜುಲೈ 1940

ಜೆನ್‌ಶುಗೆ,

ಬರೆಯಬೇಡ ಎಂದಿದ್ದೀಯ. ಇದೊಂದು, ಆಮೇಲೆ ಇಲ್ಲ. ಕ್ಷಮೆ ಕೇಳುವುದಕ್ಕಲ್ಲ. ವ್ಯವಹಾರ ಮುಗಿದ ಮೇಲೆ ಯಾರಿಗೆ ಏನು ದಕ್ಕಿತು ಎಂದು ಹೇಳದೆ ಅಂಗಡಿ ಮುಚ್ಚುವ ಅಭ್ಯಾಸ ನನಗಿಲ್ಲ, ಅದಕ್ಕೆ.

ಶಾಲೆಗೆ, ಒಂದು ಮಾತಿಗೆ ಒಟ್ಟಿಗೆ ನಿಲ್ಲುವ ಮಕ್ಕಳು ಸಿಕ್ಕಿದರು. ಹೆಡ್‌ಮೇಷ್ಟ್ರಿಗೆ ಮೇಲಿನವರಿಂದ ಶಾಬಾಸ್‌ಗಿರಿ. ಇರಾಮಿನನಿಗೆ ಭಾವನ ಕೆಲಸ, ನಾವಿದ್ದ ಮನೆ, ಅಂಗಳ. ಅವನು ಕೇಳಿ ಪಡೆದದ್ದಲ್ಲ, ಅದನ್ನೂ ಹೇಳಬೇಕು. ಕರಾಟೆ ಸಂಘದವರಿಗೆ ಒಂದು ಹೊಸ ನಿಯಮ: ದ್ವೀಪದಿಂದ ಬಂದವರನ್ನು ಜೋಡಿ ಪರೀಕ್ಷೆಗೆ ಸೇರಿಸುವುದಿಲ್ಲವಂತೆ. ನಿಶಿಉರಾನಿಗೆ ಎಡಗಾಲು, ಎಡಗೈ, ನೋಡಿಕೊಳ್ಳುವುದಕ್ಕೆ ತಾಯಿ. ನಿನಗೆ ಮೂರು ವರ್ಷ.

ನಿನ್ನ ಭಾವನಿಗೆ ಬಂದರಿನಲ್ಲಿ ಸಕ್ಕರೆ ಮೂಟೆ ಎಣಿಸುವ ಕೆಲಸ ಸಿಕ್ಕಿದೆ, ಕಾಗದ ಓದುವುದಕ್ಕೆ ಬೇರೆಯವರು ಸಿಕ್ಕಿದ್ದಾರೆ. ಭಾನುವಾರ ಇರಾಮಿನ ಬರುತ್ತಾನೆ, ಇಬ್ಬರೂ ಹೊರಗೆ ಹೋಗಿ ಕೂತು ಓದುತ್ತಾರೆ. ನಾನು ಒಳಗಿರುತ್ತೇನೆ.

ನನಗೆ, ನಾವಿಬ್ಬರೂ ಇರುವುದಕ್ಕೆ, ಮಾರುಕಟ್ಟೆಯ ಹಿಂದೆ ಒಂದು ಕೋಣೆ ಸಿಕ್ಕಿತು. ಮೇ ತಿಂಗಳಿಂದ ನಿನ್ನ ಭಾವ ನನ್ನನ್ನು ಏನೂ ಕೇಳಿಲ್ಲ.

ನಾಬೆ